ಅವ್ವನ ದವಡೆ ಹಲ್ಲು

ಜುಲೈ 14, ಸೋಮವಾರ

ಮಧ್ಯಾಹ್ನ ಕರೆಂಟ್ ಹೋಯಿತು. ಚೇರಿನಲ್ಲಿ ಸಕ್ಕರೆ ಕಾರ್ಖಾನೆಯ ಕ್ಲಾರ್ಕ್, ಬಾಯಿ ತೆರೆದುಕೊಂಡೇ. ಇನ್ವರ್ಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಡ್ರಿಲ್ ಹಿಡಿದು ಹಾಗೇ ನಿಂತಿದ್ದೆ. ಇಡೀ ಚಿಕ್ಕೋಡಿಯೇ ಕಣ್ಣು ಮುಚ್ಚಿದಂಥ ಮೌನ. ಕುತ್ತಿಗೆ ನೋವೂ ಎಲ್ಲೋ ಹೊರಗೆ ಹೋಗಿ ಕುಳಿತಂತಿತ್ತು. ಆತ ಬಾಯಿ ತೆರೆದೇ ನಿದ್ದೆ ಹೋದ. ನಾನೂ ಅರ್ಧ...

ಭಾಗ್ಯಾ ಬಂದು ಭುಜ ಮುಟ್ಟಿದಳು. ಹೆಸರಿಗೆ ನನ್ನ ಅಸಿಸ್ಟಂಟ್, ನಿಜವಾಗಿ ಕ್ಲಿನಿಕ್ಕಿನ ಯಜಮಾನಿ. “ಮೇಡಂ, ಅಜ್ಜಿ ಬಂದಾರ್ರಿ. ತಂಬಿಗಿ ಹಿಡಕೊಂಡು ಕುಂತಾರ.”

ಅವ್ವ. ಅಪ್ಪ ಹೋದಾಗಿನಿಂದ ನಮ್ಮ ಜೊತೆಗೇ ಇದ್ದಾಳೆ, ಕ್ಲಿನಿಕ್ಕಿನ ಮೇಲಿನ ಮನೆಯಲ್ಲಿ. ಆದರೂ ಪೇಶಂಟುಗಳ ಸಾಲಿನಲ್ಲೇ ಕೂರುತ್ತಾಳೆ. ತಂಬಿಗೆಯಲ್ಲಿ ಬಟ್ಟೆಯಿಂದ ಸೋಸಿ ಕಾಯಿಸಿದ ನೀರು. ನನ್ನ ಚೇರಿನ ನೀರನ್ನು ಬಾಯಿಗೆ ಹಾಕುವುದಿಲ್ಲ — ಸೋಸದ ನೀರಿನಲ್ಲಿ ಜೀವಿಗಳಿರುತ್ತವೆ.

ಕೆಳಗಿನ ಎಡ ದವಡೆ ಹಲ್ಲು. ಒಳಗೆ ಕೊಳೆತಿದೆ, ಆದರೆ ಗೋಡೆಗಳು ಗಟ್ಟಿ. ಉಳಿಯುತ್ತದೆ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಸಾಕು.

“ಹುಳ ಸಾಯ್ತಾವೇನ ಬೇ, ಇದನ್ನ ಮಾಡಿದ್ರ?” ಎಂದು ಕೇಳಿದಳು.

“ಹಲ್ಲಿನ್ಯಾಗ ಹುಳಾನ ಇರಂಗಿಲ್ಲವಾ.”

“ಹಂಗಾರ ನೀ ಇಷ್ಟ ವರ್ಷ ಕಡದದ್ದ ಏನ?”

ಭಾಗ್ಯಾ ನಕ್ಕು ಟ್ರೇ ಬೀಳಿಸಿದಳು.

ಅವಸರ ಅವ್ವನದು. ಕಾಗವಾಡದಲ್ಲಿ ಜೈನ ಮಾತಾಜಿಯವರ ಸಂಘ ಮಳೆಗಾಲದ ಚಾತುರ್ಮಾಸಕ್ಕೆ ನಿಂತಿದೆ. ದಸರೆಗೆ ಅವ್ವನಿಗೆ ದೀಕ್ಷೆ. ಆಮೇಲೆ ಒಂದು ಬಿಳಿ ಸೀರೆ, ದಿನಕ್ಕೆ ಒಂದೇ ಊಟ, ಊರಿಂದೂರಿಗೆ ನಡಿಗೆ. ಹಲ್ಲು ತಿಕ್ಕುವುದೂ ಇಲ್ಲ, ಅದು ಅವರ ವ್ರತಗಳಲ್ಲಿ ಒಂದು. ಅದಕ್ಕೇ ದೊಡ್ಡ ಮಾತಾಜಿ ಹೇಳಿ ಕಳಿಸಿದ್ದಾರೆ: ನೋವಿಟ್ಟುಕೊಂಡು ಬರಬೇಡ, ಮಗಳು ಹಲ್ಲಿನ ಡಾಕ್ಟರಲ್ಲವೇ, ಎಲ್ಲ ಮುಗಿಸಿಕೊಂಡು ಬಾ. ಮುಗಿಯದಿದ್ದರೆ ದಸರೆಯ ದೀಕ್ಷೆ ಇಲ್ಲ. ದೀಪಾವಳಿ ಆದರೆ ಸಂಘ ಮಹಾರಾಷ್ಟ್ರದ ಕಡೆ ಹೊರಟುಬಿಡುತ್ತದೆ.

ಮನೆಯವರ ಒಪ್ಪಿಗೆ ಕೇಳಿದ್ದರು. ಕೊಟ್ಟಿದ್ದೇನೆ. ಕೈ ಮುಗಿದೇ ಕೊಟ್ಟಿದ್ದೇನೆ.

ಜುಲೈ 27, ಭಾನುವಾರ

ಐಗಳಿಯ ಶಾಲೆಯಲ್ಲಿ ಕ್ಯಾಂಪ್. ದಂತವೈದ್ಯರ ಸಂಘದ ಸಮಾಜಸೇವೆ. ಬ್ಯಾನರ್ ತರಗತಿಗಿಂತ ದೊಡ್ಡದು. ನಿಪ್ಪಾಣಿಯ ಸನ್ಮತಿ ಅಣ್ಣ ಎಲ್ಲ ಜೋಡಿಸಿದ್ದ — ಕಾಲೇಜಿನಲ್ಲಿ ಸೀನಿಯರ್, ಈಗಲೂ ಹಾಗೇ ವರ್ತಿಸುತ್ತಾನೆ. ಅವ್ವನೂ ಬಂದಿದ್ದಳು. ಬಸದಿಗೆ ಹೋಗಿ ಬಂದು ಹೆದರಿದ ಹೆಂಗಸರ ಪಕ್ಕ ಕುಳಿತು ಕೈ ಹಿಡಿದುಕೊಳ್ಳುವ ಕೆಲಸ ತಾನೇ ವಹಿಸಿಕೊಂಡಳು. ಅವಳ ಕೈಯಲ್ಲಿ ಕೈ ಇಟ್ಟವರು ಇಂಜೆಕ್ಷನ್ನಿಗೆ ಹಲ್ಲು ಕಚ್ಚುವುದಿಲ್ಲ. ನನಗೆ ಈ ವಿದ್ಯೆ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ.

ಕೆಂಪವ್ವ ಎಂಬ ಕುರಿ ಕಾಯುವ ಹೆಂಗಸು. ಒಸಡೆಲ್ಲ ಕಪ್ಪು. ತಂಬಾಕು ಹುರಿದು ಪುಡಿ ಮಾಡಿದ ಮಿಶ್ರಿ ತಿಕ್ಕುತ್ತಾಳೆ, ದಿನಕ್ಕೆ ಎಷ್ಟು ಸಲವೋ.

“ಬಿಟ್ಟ ಬಿಡ ಯವ್ವಾ ಅದನ್ನ.”

“ಮಿಶ್ರಿ ತಿಕ್ಕದ ಇದ್ರ ಮುಂಜಾನಿ ಹೊಟ್ಟಿ ಸಾಫ್ ಆಗಂಗಿಲ್ರಿ ಬಾಯಾರ. ನೀವು ಚಾ ಕುಡಿಯಂಗಿಲ್ಲೇನ?”

ಒಂದು ಹಲ್ಲು ಉಳಿಸಬಹುದಿತ್ತು. ಆದರೆ ರೂಟ್ ಕೆನಾಲಿಗೆ ಎರಡು ಮೂರು ಸಲ ಬರಬೇಕು. ಚಿಕ್ಕೋಡಿಗೆ ಬಾ ಎಂದರೆ, ಕುರಿ ಯಾರು ನೋಡುತ್ತಾರೆ ಎಂದಳು. ಮುಂದಿನ ಸಲ ಬಂದಾಗ ಮಾಡೋಣ ಎಂದೆ.

“ಮುಂದಿನ ಸಲ ಯಾ ಡಾಕ್ಟರೂ ಬಂದಿಲ್ರಿ ಇಲ್ಲಿಗಿ,” ಎಂದು ಸೆರಗು ಹೊದ್ದು ಎದ್ದುಹೋದಳು. ಸಿಟ್ಟಿನಿಂದ ಅಲ್ಲ. ಇವತ್ತು ಮಳೆ ಇಲ್ಲ ಅನ್ನುವ ಹಾಗೆ.

ಹಿಂದಿರುಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವ್ವ ನನ್ನ ಹೆಗಲಿಗೆ ಒರಗಿ ನಿದ್ದೆ. ದಾರಿಯುದ್ದಕ್ಕೂ ಕಬ್ಬು, ಕಬ್ಬು, ಕಬ್ಬು. ಹಸಿರು ನೀರಿನೊಳಗೆ ತೇಲುತ್ತಿದ್ದೇವೆ ಅನ್ನಿಸುತ್ತಿತ್ತು. ಊರು ಬರದೇ ಇರಲಿ ಅಂದುಕೊಂಡೆ.

ಆಗಸ್ಟ್ 2

ಕೊಲ್ಲಾಪುರದ ಲ್ಯಾಬಿನಿಂದ ಪಾರ್ಸಲ್. ಅವ್ವನ ಕ್ಯಾಪ್. ಎಷ್ಟು ಚೆಂದ ಮಾಡಿದ್ದಾರೆ — ಹಲ್ಲಿನ ಮೇಲಿನ ಸಣ್ಣ ಗೆರೆಗಳೂ ಹಾಗೇ ಮೂಡಿವೆ. ಬೆರಳ ತುದಿಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ.

ಬೇರಿನ ಕೆಲಸ ಹೋದ ವಾರವೇ ಮುಗಿಸಿ ಮೇಲೆ ಟೆಂಪರರಿ ಫಿಲ್ಲಿಂಗ್ ತುಂಬಿದ್ದೇನೆ, ಇಂದೇ ಕೂರಿಸಬಹುದು. ಅರ್ಧ ಗಂಟೆಯ ಕೆಲಸ.

ಡ್ರಾವರಿನಲ್ಲಿಟ್ಟು ಬೀಗ ಹಾಕಿದೆ.

ಆಗಸ್ಟ್ 3

“ಬಂತೇನ?” ಎಂದಳು ಅವ್ವ.

“ಇನ್ನೂ ಇಲ್ಲ.”

ಭಾಗ್ಯಾ ಹತ್ತಿ ಉಂಡೆ ಕಟ್ಟುತ್ತಿದ್ದವಳು ತಲೆ ಎತ್ತಿದಳು. “ಮೇಡಂ, ನಿನ್ನಿ ಪಾರ್ಸಲ್...”

“ಅದು ಬೇರೆಯವರದು.”

ಭಾಗ್ಯಾ ನನ್ನನ್ನೇ ನೋಡಿದಳು. ಮತ್ತೆ ಹತ್ತಿ.

ನಾಳೆ ಹಾಕುತ್ತೇನೆ.

ಆಗಸ್ಟ್ 17, ಭಾನುವಾರ

ನಿಪ್ಪಾಣಿಯ ಹೋಟೆಲ್ಲಿನಲ್ಲಿ ನಮ್ಮ ದಂತವೈದ್ಯರ ಸಂಘದ ಮೀಟಿಂಗು. ವಿಷಯ: ವೈದ್ಯರ ನೆಮ್ಮದಿ. ಅರ್ಧ ಜನಕ್ಕೆ ಕುತ್ತಿಗೆಗೆ ಬೆಲ್ಟು. ಇನ್ನರ್ಧಕ್ಕೆ ಸೊಂಟಕ್ಕೆ. ಪುಣೆಯಿಂದ ಬಂದ ಮೇಡಂ ಕಣ್ಣು ಮುಚ್ಚಿ ಎಂದರು, ನಿಮಗೆ ಅತಿ ಶಾಂತಿ ಕೊಡುವ ಜಾಗ ನೆನೆಸಿಕೊಳ್ಳಿ ಎಂದರು. ಅಥಣಿಯ ಡಾಕ್ಟರೊಬ್ಬರು ತಕ್ಷಣ ಗೊರಕೆ ಹೊಡೆದರು. ಅವರಿಗೆ ಸಿಕ್ಕಿತು ಜಾಗ.

ನನಗೆ ಕಂಡಿದ್ದು ಅವ್ವನ ಬಾಯಿ. ನಗಬೇಡ ಮಯೂರಿ ಎಂದು ನನಗೆ ನಾನೇ ಹೇಳಿಕೊಂಡೆ, ಅದೇ ಕಂಡಿತು. ಕನ್ನಡಿಯಿಲ್ಲದೆ, ಲೈಟಿಲ್ಲದೆ ಒಳಗೆ ನಡೆದು ಹೋಗುತ್ತಿದ್ದೆ. ಬಿಳಿ ಗೋಡೆಯ ಓಣಿ. ಒಂದೊಂದು ಹಲ್ಲೂ ಒಂದೊಂದು ಮನೆ. ಕೊನೆಯ ಮನೆಯೊಳಗೆ ಜೋಳದ ರೊಟ್ಟಿ ಬಡಿಯುವ ಸದ್ದು. ಬಾಗಿಲು ನೂಕಿದರೆ ಒಳಗಿನಿಂದ ಚಿಲಕ. ಅದನ್ನು ಹಾಕಿದವಳು ನಾನೇ ಎಂದು ಹೇಗೋ ಗೊತ್ತಿತ್ತು.

ಊಟದ ಸಾಲಿನಲ್ಲಿ ಸನ್ಮತಿ ಅಣ್ಣ ಕೇಳಿದ, “ಕಾಕಿ ಹಲ್ಲ ಮುಗೀತಲ್ಲ?”

“ಕ್ಯಾಪ್ ಬಂದಿಲ್ಲೋ ಅಣ್ಣಾ.”

“ನಂದೂ ಅದ ಲ್ಯಾಬ್. ವಾರದಾಗ ಬರ್ತಾವಲ್ಲ.” ತಟ್ಟೆ ಎತ್ತಿಕೊಳ್ಳುತ್ತಾ, “ಟೆಂಪರರಿ ಫಿಲ್ಲಿಂಗ್ ಮ್ಯಾಲ ಬಾಳ ದಿನ ಬಿಡಬ್ಯಾಡ. ಸೀಳತೈತಿ. ನಿನಗ ನಾ ಹೇಳಬೇಕೇನ?”

ಹೇಳಬೇಕಿಲ್ಲ. ಮೊದಲ ವರ್ಷದ ಹುಡುಗರಿಗೂ ಗೊತ್ತು. ಬೇರು ಖಾಲಿ ಮಾಡಿದ ಹಲ್ಲು ಒಣಗಿದ ಬಿದಿರಿನಂತೆ. ಮೇಲೆ ಟೋಪಿ ಇರಲೇಬೇಕು.

ದಸರೆ ದಾಟಲಿ. ದೀಪಾವಳಿ ದಾಟಲಿ. ಮಾತಾಜಿಯವರ ಸಂಘ ಮುಂದಿನ ಊರಿಗೆ ಹೋಗಲಿ. ಆಮೇಲೆ ಹಾಕುತ್ತೇನೆ. ಅವ್ವ ಮೆತ್ತಗೆ ಅಗಿಯುತ್ತಾಳೆ, ಏನೂ ಆಗುವುದಿಲ್ಲ. ನನಗೆ ಅವ್ವ ಬೇಕು. ಸಂಜೆ ಹೊತ್ತು ಮುಳುಗುವ ಮೊದಲು “ಮಯೂರಿ, ಊಟಕ್ಕ ಬಾ, ದೀಪ ಹಚ್ಚೂ ಹೊತ್ತಾತು” ಎಂದು ಮೆಟ್ಟಿಲ ಮೇಲಿಂದ ಕೂಗುವ ದನಿ ಬೇಕು. ಇದರಲ್ಲಿ ಧರ್ಮ ಅಧರ್ಮ ನನಗೆ ಗೊತ್ತಿಲ್ಲ.

ಸೆಪ್ಟೆಂಬರ್ 1

ದಶಲಕ್ಷಣ ಪರ್ವ, ಹತ್ತು ದಿನದ ವ್ರತ, ಶುರುವಾಗಿ ಐದು ದಿನ. ಅವ್ವನದು ದಿನಕ್ಕೊಮ್ಮೆ ಊಟ, ಅದೂ ಕೆಲವು ದಿನ ಮಾತ್ರ. ಉಳಿದ ದಿನ ಬರೀ ನೀರು. ಬಿಳಿಚಿಕೊಂಡಿದ್ದಾಳೆ. ಆದರೂ ಮುಖದಲ್ಲಿ ಎಂಥದೋ ಹಗುರ. ಈಗಲೇ ಅರ್ಧ ಹೊರಟವಳಂತೆ ಮನೆಯಲ್ಲಿ ಓಡಾಡುತ್ತಾಳೆ. ಹಾಸಿಗೆ ಮಡಚುವಾಗ, ಹೂಗಿಡಕ್ಕೆ ನೀರು ಹಾಕುವಾಗ, ಯಾವುದನ್ನೂ ಹಿಡಿದುಕೊಳ್ಳುವುದಿಲ್ಲ, ಮುಟ್ಟಿ ಬಿಡುತ್ತಾಳೆ.

ನಿತಿನ ಕೇಳಿದರು, “ಅತ್ತಿಯವರ ಕ್ಯಾಪ್ ಇನ್ನೂ ಬರಲಿಲ್ಲೇನ? ನಾ ಕೊಲ್ಲಾಪುರಕ್ಕ ಹೊಂಟೀನಿ, ಲ್ಯಾಬಿಗೆ ಹೋಗಿ ಬರ್ಲೇನ?” ಗಂಡಂದಿರಿಗೆ ಉಪಕಾರ ಬುದ್ಧಿ ಬರುವುದು ಇಂಥ ಹೊತ್ತಿನಲ್ಲೇ. ಬೇಡ ಎಂದೆ. ಫೋನ್ ಮಾಡಿದ್ದೇನೆ ಎಂದೆ.

ಸುಳ್ಳಿಗೆ ಮರಿ ಹುಟ್ಟುತ್ತಿವೆ.

ಸೆಪ್ಟೆಂಬರ್ 8

ಇಂದು ಕ್ಷಮಾವಾಣಿ. ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಬೆಳಿಗ್ಗೆಯಿಂದ ಫೋನಿಗೆ ಬಿಡುವಿಲ್ಲ. ‘ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ... ಉತ್ತಮ ಕ್ಷಮಾ.’ ನಾನೂ ನವಿಲಿನ ಚಿತ್ರ ಹಾಕಿ ಎಲ್ಲರಿಗೂ ಕಳಿಸಿದೆ. ಔಷಧ ಕಂಪನಿಯವರಿಗೆ, ಪ್ಲಂಬರನಿಗೆ, ಕಾಲೇಜಿನ ಗ್ರೂಪಿಗೆ. ಅವ್ವನ ಪಾದಕ್ಕೂ ನಮಸ್ಕರಿಸಿ ‘ಉತ್ತಮ ಕ್ಷಮಾ’ ಎಂದೆ. ಯಾವುದಕ್ಕೆ ಎಂದು ಹೇಳಲಿಲ್ಲ. ಅವಳು ತಲೆ ಮೇಲೆ ಕೈ ಇಟ್ಟು, “ನಂದೂ ಏನರ ತಪ್ಪ ಆಗಿದ್ರ ಹೊಟ್ಟ್ಯಾಗ ಹಾಕ್ಕೋ” ಎಂದಳು.

ಮಧ್ಯಾಹ್ನ ಊಟ. ಉಪವಾಸ ಮುಗಿದಿದೆ ಎಂದು ಅವಳಿಗೆ ಇಷ್ಟದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಅಡುಗೆಮನೆಯಲ್ಲಿದ್ದೆ. ಟಕ್ ಎಂದು ಸದ್ದು. ರೊಟ್ಟಿ ಮುರಿದದ್ದಲ್ಲ. ಆ ಸದ್ದು ನನಗೆ ಗೊತ್ತು.

ಓಡಿಹೋದೆ. ಅವ್ವ ಎಡಗೆನ್ನೆ ಹಿಡಿದುಕೊಂಡು ಕುಳಿತಿದ್ದಳು. ಕಣ್ಣಲ್ಲಿ ನೀರು. ಕ್ಲಿನಿಕ್ಕಿಗೆ ಕರೆದುಕೊಂಡು ಬಂದು ನೋಡಿದೆ. ಹಲ್ಲು ನಡುವೆ ಸೀಳಿದೆ, ಬೇರಿನವರೆಗೂ.

ಉಳಿಯುವುದಿಲ್ಲ.

ಸೆಪ್ಟೆಂಬರ್ 9

ಬರೆಯಲು ಆಗುವುದಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಮೊದಲ ಪೇಶಂಟ್ ಅವ್ವನೇ. ಭಾಗ್ಯಾಳನ್ನು ಹೊರಗೆ ಕಳಿಸಿದೆ. ಡ್ರಾವರ್ ತೆಗೆದೆ. ಕ್ಯಾಪ್ ತಂದು ಅವ್ವನ ಅಂಗೈ ಮೇಲಿಟ್ಟೆ.

“ಏನಿದು?”

“ನಿಂದ ಕ್ಯಾಪ್. ಹ್ವಾದ ತಿಂಗಳ ಬಂದಿತ್ತ. ಹಾಕಿದ್ರ ಹಲ್ಲ ಉಳೀತಿತ್ತ.”

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಬಂತು. ಆದರೆ ನಾನು ಅಂದುಕೊಂಡ ಕಡೆಯಿಂದ ಬರಲಿಲ್ಲ.

“ಹೊರಗಿನ ಪೇಶಂಟಿಗೂ ಹಿಂಗ ಮಾಡ್ತೀಯೇನ?”

“ಇಲ್ಲವ್ವ.”

“ಹಂಗಾರ ನನಗ್ಯಾಕ ಮಾಡಿದಿ?”

“ನೀ ಹೋಗಬಾರದಂತ.”

ಫ್ಯಾನ್ ತಿರುಗುವ ಸದ್ದು. ಹೊರಗೆ ಭಾಗ್ಯಾ ಯಾರಿಗೋ ‘ಕುಂದರ್ರಿ, ಲೇಟ್ ಆಕ್ಕೈತಿ’ ಎನ್ನುತ್ತಿದ್ದಳು. ಅವ್ವ ಕ್ಯಾಪ್ ಟ್ರೇಯಲ್ಲಿಟ್ಟಳು. ತಲೆ ಹಿಂದಕ್ಕೆ ಒರಗಿಸಿದಳು.

“ತಗಿ,” ಎಂದಳು.

ತೆಗೆದೆ. ಎರಡು ಹೋಳಾಗಿ ಬಂತು. ಅವಳು ಒಂದು ಸಲವೂ ನರಳಲಿಲ್ಲ. ಕೈ ಹಿಡಿದುಕೊಳ್ಳಲು ಯಾರೂ ಇರಲಿಲ್ಲ ಅವಳಿಗೆ.

ಸೆಪ್ಟೆಂಬರ್ 14

ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕರೆಯುವುದೂ ಇಲ್ಲ. ಹೊತ್ತು ಮುಳುಗುವ ಮೊದಲು ತಟ್ಟೆ ಬಡಿಸಿ ಮುಚ್ಚಿಟ್ಟು ಜಪಕ್ಕೆ ಕೂರುತ್ತಾಳೆ. ನಿತಿನ ಇಬ್ಬರ ಮುಖವನ್ನೂ ನೋಡಿ ಹೊರಗೆ ಹೋಗಿ ಪೇಪರ್ ಓದುತ್ತಾರೆ. ನಿನ್ನೆಯದೇ ಪೇಪರ್.

ಗಾಯ ಚೆನ್ನಾಗಿ ಮಾಯುತ್ತಿದೆ. ನೋಡಲು ಬಾಯಿ ತೆರೆಯುತ್ತಾಳೆ, ಅಷ್ಟೇ.

ಸೆಪ್ಟೆಂಬರ್ 18

ಇವತ್ತು ಮಾತಾಡಿದಳು. ಬೇಳೆ ಆರಿಸುತ್ತಾ, ನನ್ನ ಕಡೆ ನೋಡದೆ.

“ಆ ಐಗಳಿ ಹೆಣಮಗಳ ಹಲ್ಲ ಏನಾತು?”

ಯಾವ ಹೆಣ್ಣುಮಗಳು ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಗೊತ್ತಿತ್ತು.

“ಅಕಿಗೂ ಮುಂದಿನ ಸಲ ಅಂದಿದ್ದಿ,” ಎಂದಳು ಅವ್ವ. ಮೊರ ಎತ್ತಿಕೊಂಡು ಒಳಗೆ ಹೋದಳು.

ಸನ್ಮತಿ ಅಣ್ಣನಿಗೆ ಫೋನ್ ಮಾಡಿ ಮಡಚುವ ಚೇರು, ಸಣ್ಣ ಮಷೀನು ಕೇಳಿದೆ. ಯಾಕೆ ಎಂದ. ಎಲ್ಲ ಹೇಳಿದೆ, ಕ್ಯಾಪಿನ ಕಥೆಯನ್ನೂ. ಬೈಯುತ್ತಾನೆ ಎಂದುಕೊಂಡೆ. “ಶನಿವಾರ ನಾನೂ ಬರ್ತೀನಿ,” ಎಂದ.

ಸೆಪ್ಟೆಂಬರ್ 20, ಶನಿವಾರ

ಐಗಳಿ. ಬ್ಯಾನರ್ ಇಲ್ಲ, ಫೋಟೋ ಇಲ್ಲ. ಶಾಲೆಯ ಜಗಲಿಯ ಮೇಲೆ ಚೇರು. ಕೆಂಪವ್ವನನ್ನು ಹುಡುಕಿಕೊಂಡು ಅಡವಿಗೇ ಹೋಗಬೇಕಾಯಿತು. ನಮ್ಮನ್ನು ನೋಡಿ ಮೊದಲು ಓಡುವವಳಂತೆ ನಿಂತಳು, ಆಮೇಲೆ ನಕ್ಕಳು. ಕುರಿಗಳೂ ಶಾಲೆಗೆ ಬಂದವು. ಹೆಡ್‌ಮಾಸ್ತರ ಮುಖ ನೋಡುವಂತಿತ್ತು.

ಕೆಲಸ ಅರ್ಧ ಆಯಿತು: ಬೇರು ಸ್ವಚ್ಛ ಮಾಡಿ ಕ್ಯಾಪಿಗೆ ಅಳತೆ ತೆಗೆದೆ. ಮುಂದಿನ ಶನಿವಾರ ಉಳಿದದ್ದು. “ಮಿಶ್ರಿ?” ಎಂದೆ. “ದಿನಕ್ಕೊಂದ ಸಲ ತಿಕ್ಕತೀನ್ರಿ. ಒಮ್ಮಿಗೇ ಬಿಡು ಅನಬ್ಯಾಡ್ರಿ,” ಎಂದಳು. ಆಗಲಿ. ನನಗೂ ಒಮ್ಮೆಗೇ ಬಿಡಲು ಬಂದಿಲ್ಲ.

ಮಧ್ಯಾಹ್ನ ಬೇವಿನ ನೆರಳಲ್ಲಿ ಸನ್ಮತಿ ಅಣ್ಣ ಕುತ್ತಿಗೆಯ ವ್ಯಾಯಾಮ ಹೇಳಿಕೊಟ್ಟ. ಕಣ್ಣು ಮುಚ್ಚಿ ತಲೆ ತಿರುಗಿಸುತ್ತಿದ್ದರೆ ಸುತ್ತ ಬರೀ ಕುರಿಯ ಗಂಟೆಗಳು. ಹತ್ತಿರ ಬಂದು, ದೂರ ಹೋಗಿ. ಎಲ್ಲಿದ್ದೇನೆ ಎಂದು ಕ್ಷಣಕಾಲ ಮರೆತೇ ಹೋಗಿತ್ತು. ಕಣ್ಣು ಬಿಟ್ಟಾಗ ಕೆನ್ನೆ ಒದ್ದೆ.

ಸೆಪ್ಟೆಂಬರ್ 27

ಕೆಂಪವ್ವನ ಹಲ್ಲು ಮುಗಿಯಿತು. ಕ್ಯಾಪ್ ಬಂದ ದಿನವೇ ಹಾಕಿದೆ.

ಅವ್ವನಿಗೆ ಹೇಳಿದೆ. ಹೂಂ ಎಂದಳು. ಸಂಜೆ ಮೆಟ್ಟಿಲ ಮೇಲಿಂದ ದನಿ ಬಂತು: “ಮಯೂರಿ, ಊಟಕ್ಕ ಬಾ.” ಕೈಯಲ್ಲಿದ್ದ ಗ್ಲೌಸ್ ಬಿಚ್ಚದೆಯೇ ಓಡಿದೆ.

ಅಕ್ಟೋಬರ್ 3

ನಿನ್ನೆ ಆಯಿತು.

ಕಾಗವಾಡದಲ್ಲಿ ಹಿಂದಿನ ದಿನ ಮೆರವಣಿಗೆ. ಮದುಮಗಳಂತೆ ಸಿಂಗರಿಸಿದ್ದರು ಅವ್ವನನ್ನು. ಹಸಿರು ಸೀರೆ, ಕೈಗೆ ಮೆಹಂದಿ. ಮನೆಮನೆಯ ಹೆಂಗಸರು ಉಡಿ ತುಂಬಿದರು. ನಾನು ತುಂಬುವಾಗ ಅವಳ ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದೆ.

ಮಂಟಪದಲ್ಲಿ ದೊಡ್ಡ ಮಾತಾಜಿ ಎಲ್ಲರೆದುರು ಕೇಳಿದರು: ದೇಹಕ್ಕೆ ಬೇನೆ ಏನಾದರೂ ಉಳಿದಿದೆಯೇ? ಮನೆಯವರ ಒಪ್ಪಿಗೆ ಇದೆಯೇ? ಯಾರೋ ನನ್ನ ಮುಂದೆ ಮೈಕ್ ಹಿಡಿದರು. ಅವ್ವ ನನ್ನ ಕಡೆ ನೋಡಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಕಣ್ಣು ಕೆಳಗೆ ಹಾಕಿ ಕುಳಿತಿದ್ದಳು, ಸಾಲಿನಲ್ಲಿ ತನ್ನ ಸರದಿಗೆ ಕಾಯುವವಳಂತೆ.

ಒಪ್ಪಿಗೆ ಇಲ್ಲ ಎಂದಿದ್ದರೆ ದೀಕ್ಷೆ ನಿಂತುಬಿಡುತ್ತಿತ್ತು. ಆ ಒಂದು ಮಾತು ನಾಲಿಗೆಯ ಮೇಲೇ ಇತ್ತು. ಇಲ್ಲಿಯೂ ಸುಳ್ಳು ಬರೆಯಲೇ?

“ಬ್ಯಾನಿ ಇಲ್ರಿ. ಒಪ್ಪಿಗಿ ಐತ್ರಿ,” ಎಂದೆ.

ಆಮೇಲೆ ಕೂದಲು. ಮಾತಾಜಿಯವರು ಬೆರಳಿಗೆ ಬೂದಿ ಹಚ್ಚಿಕೊಂಡು ಕೈಯಿಂದಲೇ ಕಿತ್ತರು. ಕೆಂಪಾದ ತಲೆ. ಬಿಳಿ ಸೀರೆ. ಸಣ್ಣ ಜೀವಿಗಳನ್ನು ಮೆಲ್ಲಗೆ ಸರಿಸುವ ನವಿಲುಗರಿಯ ಪಿಂಛಿ ಕೈಗೆ ಬಂತು. ಹೊಸ ಹೆಸರು ಹೇಳಿದರು. ಇನ್ನೂ ಬರೆಯಲು ಕೈ ಬರುತ್ತಿಲ್ಲ. ಎಲ್ಲರೊಂದಿಗೆ ನಾನೂ ನಮಸ್ಕರಿಸಿ ‘ವಂದಾಮಿ ಮಾತಾಜಿ’ ಎಂದೆ. ಅವ್ವ — ಈಗ ಮಾತಾಜಿ — ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ನನ್ನ ಹಿಂದಿದ್ದವರಿಗೂ ಅಷ್ಟೇ. ಅವರ ಹಿಂದಿದ್ದವರಿಗೂ ಅಷ್ಟೇ.

ಮನೆಗೆ ಬಂದು ಮಲಗಿದೆ. ಕನಸಿಲ್ಲದ ನಿದ್ದೆ.

ನವೆಂಬರ್ 2

ಒಂದು ತಿಂಗಳು ಏನೂ ಬರೆದಿಲ್ಲ. ಶನಿವಾರ ಐಗಳಿ, ಉಳಿದ ದಿನ ಚಿಕ್ಕೋಡಿ. ಅಥಣಿಯ ಗೊರಕೆ ಡಾಕ್ಟರೂ ಈಗ ಶನಿವಾರ ಬರುತ್ತಾರೆ, ನೆರಳು ಚೆನ್ನಾಗಿದೆಯಂತೆ. ಕುತ್ತಿಗೆ ಪರವಾಗಿಲ್ಲ. ಸಂಜೆ ಮಾತ್ರ... ಹೊತ್ತು ಮುಳುಗುವಾಗ ಮೆಟ್ಟಿಲ ಕಡೆ ಕಿವಿ ತಾನಾಗಿ ಹೋಗುತ್ತದೆ.

ಸಂಘ ಹೊರಟಿದೆ. ಇಂದು ನಿಪ್ಪಾಣಿಯಲ್ಲಿ. ಸನ್ಮತಿ ಅಣ್ಣನ ಮನೆ ಬಾಗಿಲಲ್ಲಿ ಮಡಿಯುಟ್ಟು, ಕಲಶ ಹಿಡಿದು ಆಹಾರಕ್ಕೆ ಆಹ್ವಾನಿಸುತ್ತಾ ನಿಂತೆ. ಗಂಜಿ, ಮೆತ್ತನೆಯ ಪಲ್ಯ, ಎಡಗಡೆ ಅಗಿಯದವರಿಗೆ ಬೇಕಾದದ್ದೆಲ್ಲ ಮಾಡಿದ್ದೆ. ಯಾರ ಬಾಗಿಲಲ್ಲಿ ನಿಲ್ಲುವುದೆಂದು ಮಾತಾಜಿಯವರು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಂಡು ಹೊರಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಹೊಸ ಮಾತಾಜಿ ಓಣಿಯಲ್ಲಿ ಬಂದರು. ನನ್ನ ಮುಂದೆ ಹಾದರು. ಎರಡು ಮನೆ ದಾಟಿ ಇನ್ನೊಬ್ಬರ ಬಾಗಿಲಲ್ಲಿ ನಿಂತರು.

ನೋಯಿತು. ಸುಳ್ಳು ಯಾಕೆ ಹೇಳಲಿ, ಬಹಳ ನೋಯಿತು.

ನವೆಂಬರ್ 4, ಕೊಗನೊಳ್ಳಿ

ರಸ್ತೆ ಬದಿಯ ಚಹದಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬೆಳಗಿನ ಜಾವದಿಂದ ಸಂಘದ ಜೊತೆ ಬರಿಗಾಲಲ್ಲಿ ನಡೆದೆ. ಮಂಜಿನಲ್ಲಿ ಮುಂದೆ ಬಿಳಿ ಸೀರೆಗಳು, ಯಾವುದು ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಹಿಂದಿನಿಂದ ನೋಡುತ್ತಾ ನೋಡುತ್ತಾ ಎಲ್ಲವೂ ಅವ್ವನೇ ಅನ್ನಿಸಿತು. ಆಮೇಲೆ ಯಾವುದೂ ಅಲ್ಲ ಅನ್ನಿಸಿತು. ಆಶ್ಚರ್ಯ — ಭಯ ಆಗಲಿಲ್ಲ.

ಮರದ ಕೆಳಗೆ ಸಂಘ ಕ್ಷಣಕಾಲ ನಿಂತಿತು. ಬೀಡಿ ಕಟ್ಟುವ ಹೆಂಗಸೊಬ್ಬಳು, ಶುಭಾಂಗಿ ಅಂತೆ ಹೆಸರು, ಕೆನ್ನೆ ಊದಿಸಿಕೊಂಡು ಬಂದು ಅವ್ವನಾಗಿದ್ದ ಮಾತಾಜಿಯ ಮುಂದೆ ಕೈ ಮುಗಿದಳು. ಹಲ್ಲು ನೋವು, ನಿದ್ದೆ ಇಲ್ಲ, ಆಶೀರ್ವಾದ ಮಾಡ್ರಿ ಎಂದಳು. ಮಾತಾಜಿ ಪಿಂಛಿ ಎತ್ತಿದರು. ಆಮೇಲೆ ತಲೆ ತಿರುಗಿಸಿ, ಅಷ್ಟು ಜನರ ನಡುವೆ, ನನ್ನ ಕಡೆ ಕೈ ಮಾಡಿದರು.

“ಅಲ್ಲಿ ನಿಂತಾರ ನೋಡ್ರಿ, ಹಲ್ಲಿನ ಡಾಕ್ಟರು. ಅವರಿಗೆ ತೋರಸ್ರಿ. ಪೂರಾ ಮುಗಿಸೇ ಕಳಸ್ತಾರ.”

‘ಅವರಿಗೆ’ ಎಂದರು. ನನಗೆ.

ಶುಭಾಂಗಿಯನ್ನು ಮೈಲಿಗಲ್ಲಿನ ಮೇಲೆ ಕೂರಿಸಿ ಮೊಬೈಲ್ ಟಾರ್ಚಿನಲ್ಲಿ ನೋಡಿದೆ. ಕೀವು ತುಂಬಿದೆ, ಆದರೆ ಗೋಡೆ ಗಟ್ಟಿ. ಉಳಿಯುತ್ತದೆ. ಎಡಗೈಯಿಂದ ಅವಳ ಕೈ ಹಿಡಿದುಕೊಂಡಿದ್ದೆ, ಹಿಡಿದಿದ್ದೇನೆ ಎಂದು ಆಮೇಲೆ ಗೊತ್ತಾಯಿತು. ನಾಳೆಯೇ ಚಿಕ್ಕೋಡಿಗೆ ಬಾ, ಮೂರು ಸಲ ಬರಬೇಕಾಗುತ್ತದೆ ಎಂದೆ. ಬರುತ್ತೇನೆ ಎಂದಳು. ತಲೆ ಎತ್ತಿದಾಗ ಸಂಘ ಮಹಾರಾಷ್ಟ್ರದ ಗಡಿಯ ಆ ಕಡೆ ಇಳಿಯುತ್ತಿತ್ತು. ಒಂದು ಬಿಳಿ ಸೀರೆ ಮಾತ್ರ ಸ್ವಲ್ಪ ಹಿಂದೆ ಉಳಿದು, ಒಮ್ಮೆ ತಿರುಗಿ ನೋಡಿ, ಮತ್ತೆ ಸಾಲಿಗೆ ಸೇರಿಕೊಂಡಿತು.